ಬ್ಯಾಗಿನ ಜೊತೆ ಬ್ಯಾಗಿನವರು

ಕಳೆದ ವಾರ ಮೇಲಿನ ಮನೆಯಿಂದ ನನ್ನ ಫೋನಿಗೆ ಒಂದು ಮೆಸೇಜು ಬಂತು. "ಆಂಟಿ, ಪಕ್ಕದ ಅಂಗಡಿ ಬೋರ್ಡ್ ತೆಗೆಸಿಬಿಡಿ ಪ್ಲೀಸ್. ಅವ್ರೇ ಇಲ್ಲ, ಇನ್ಯಾಕೆ? ಮನೆಗೆ ಬರೋರಿಗೆ ಒಂಥರಾ ಅನ್ಸುತ್ತೆ." ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ. ಓದಿ ಫೋನನ್ನು ಮಗುಚಿಟ್ಟೆ. ಮೆಷಿನ್ನಿನ ಮೇಲಿದ್ದ ಸೀರೆಗೆ ಫಾಲ್ಸ್ ಹಾಕಿ ಮುಗಿಸಿದೆ, ಇನ್ನೊಂದಕ್ಕೆ ಕುಚ್ಚು ಕಟ್ಟಿದೆ, ಕೋಪ ಮಾತ್ರ ಇಳಿಯಲಿಲ್ಲ. ಇಳಿಯದ ಕೋಪವನ್ನು ಎಲ್ಲಾದರೂ ಹಾಕಬೇಕಲ್ಲ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನದು ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಸೀರೆಗೆ ಫಾಲ್ಸ್ ಹಾಕುವ, ಬ್ಲೌಸ್ ಹೊಲಿಯುವ ಅಂಗಡಿ. ಅದೇ ಕಟ್ಟಡದಲ್ಲಿ, ಒಂದೇ ಗೋಡೆಯ ಆಚೆಗೆ, ಮೆಸೇಜಿನಲ್ಲಿ 'ಇಲ್ಲ' ಎಂದಿರುವ ನನ್ನ ಗೆಳತಿಯ ಅಂಗಡಿ ಇತ್ತು. ನೀಲಿ ಬೋರ್ಡಿನ ಮೇಲೆ ಬಿಳಿಯ ಅಕ್ಷರದಲ್ಲಿ ಬರೆದಿರುವುದು ಇಷ್ಟೇ: 'ಚರ್ಮದ ಬ್ಯಾಗುಗಳ ಕಲೆ, ವಾಸನೆ ತೆಗೆಯಲಾಗುತ್ತದೆ.' ಹೆಸರಿಲ್ಲ, ಫೋನ್ ನಂಬರಿಲ್ಲ. ಯಾಕೆ ಹೆಸರು ಹಾಕಿಸಲಿಲ್ಲ ಎಂದು ಕೇಳಿದ್ದಕ್ಕೆ, "ಹೆಸ್ರು ಹಾಕಿದ್ರೆ ಜನ ಹೆಸ್ರು ಓದ್ಕೊಂಡು ಜಾತಿ ಹುಡುಕ್ತಾರೆ ಅಕ್ಕ. ಕೆಲ್ಸ ಓದ್ಲಿ," ಎಂದಿದ್ದರು. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಎದುರಿಗೆ ಇದ್ದಾಗ ನಾನು ಅವರನ್ನು ಹೋಗೆ ಬಾರೆ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಲೇ ಏಕವಚನದಲ್ಲಿ ಬೈಯುತ್ತಿದ್ದರು. ಇಲ್ಲಿ ಮಾತ್ರ ಅವರಿಗೆ ಬಹುವಚನ. ಈ ರಸ್ತೆಯಲ್ಲಿ ಅವರಿಗೆ ಅದು ಸಿಕ್ಕಿದ್ದು ಕಡಿಮೆ.

ಅವರು ಬಾಡಿಗೆಗೆ ಅಂಗಡಿ ಕೇಳಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗಿನ್ನೂ ಕಟ್ಟಡದ ಯಜಮಾನರಾದ ಗೌಡರು ಬದುಕಿದ್ದರು. ಸಾರಕ್ಕಿ ಹಳ್ಳಿಯಾಗಿದ್ದಾಗ ಕೆರೆಯ ಕೆಳಗೆ ಗದ್ದೆ ಮಾಡಿ, ದನ ಸಾಕಿ, ಆಮೇಲೆ ಗದ್ದೆ ಹೋಗಿ ಮಹಡಿ ಬಂದವರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಕೈ ಹೊಲಿಗೆಯಲ್ಲಿತ್ತು, ಕಿವಿ ಅಲ್ಲಿತ್ತು.

"ಏನ್ ವ್ಯಾಪಾರಮ್ಮ?"

"ಚರ್ಮದ ಬ್ಯಾಗ್ ಕ್ಲೀನ್ ಮಾಡ್ತೀನಿ."

"ಯಾವ್ ಜನ?"

"ಚಪ್ಪಲಿ ಹೊಲಿಯೋರ ಮಗಳು. ಈಗ ಬೌದ್ಧರು. ತಿಂಗಳು ತಿಂಗಳಾ ಸರಿಯಾಗಿ ಬಾಡ್ಗೆ ಕೊಡೋರು."

ಮೂರು ಉತ್ತರವನ್ನೂ ಒಂದೇ ದನಿಯಲ್ಲಿ, ಗೌಡರ ಕಣ್ಣನ್ನೇ ನೋಡಿಕೊಂಡು ಹೇಳಿದರು. ಗೌಡರು ನಕ್ಕುಬಿಟ್ಟರು. "ನಾನು ದನದ ಮೈ ತೊಳ್ದು ದೊಡ್ಡೋನಾದೋನು ಕಣಮ್ಮ. ಚರ್ಮ ಕಂಡ್ರೆ ನಂಗೇನ್ ಭಯ," ಎಂದು ಬೀಗದ ಕೈ ಕೊಟ್ಟರು.

ಮಾರನೇ ದಿನ ಬೋರ್ಡ್ ಬರೆಯುವವನ ಜೊತೆ ಜಗಳ. ಅವನು, 'ಲೆದರ್ ಬ್ಯಾಗ್ ಸ್ಪಾ' ಅಂತ ಇಂಗ್ಲಿಷಿನಲ್ಲಿ ಹಾಕೋಣ, ಜಯನಗರದ ಕಡೆಯವರೂ ಬರುತ್ತಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಇವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಲೆದರ್ ಅಂದ್ರೆ ಮನೆ ಒಳಗೆ ಬರುತ್ತೆ, ಚರ್ಮ ಅಂದ್ರೆ ಊರಾಚೆ ನಿಲ್ಲುತ್ತೆ, ಅಲ್ವಾ? ಬೇಡ ಅಣ್ಣ. ಚರ್ಮ ಅಂತ್ಲೇ ಬರಿ. ದಪ್ಪಕ್ಕೆ ಬರಿ." ಅವನು ದಪ್ಪಕ್ಕೇ ಬರೆದ.

ನೋಡಲು ಕುಳ್ಳಗೆ, ಗಟ್ಟಿಯಾಗಿದ್ದರು. ತಲೆಗೆ ಹೂ ಮುಡಿಯುತ್ತಿರಲಿಲ್ಲ, ಪೌಡರ್ ಹಾಕುತ್ತಿರಲಿಲ್ಲ, ಮೈಗೆ ಘಮಘಮಿಸುವ ಸೋಪು ಕೂಡ ಇಲ್ಲ. ಮೂಗಿಗೆ ಅಡ್ಡ ಬರುತ್ತದಂತೆ. ಗೋಡೆಯ ಮೇಲೆ ನೀಲಿ ಕೋಟಿನವರ ಫೋಟೊ, ಮೇಜಿನ ಮೇಲೆ ಬುದ್ಧನ ಪುಟ್ಟ ಮೂರ್ತಿ, ಅದರ ಮುಂದೆ ಬರೀ ಒಂದು ಲೋಟ ನೀರು. ನಾನು ಶುಕ್ರವಾರ ಊದುಬತ್ತಿ ಹಚ್ಚಿದರೆ ಗೋಡೆ ಬಡಿದು ಕೂಗುತ್ತಿದ್ದರು: "ಅಕ್ಕ, ನಿನ್ ದೇವ್ರಿಗೆ ನೆಗಡಿನಾ? ಅಷ್ಟು ಹೊಗೆ ಹಾಕ್ತೀಯ!" ನಾನು ಹೊಲಿದ ಬ್ಲೌಸು ತೊಟ್ಟು ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ತೋಳು ಬಿಗಿ, ಇಲ್ಲವೇ ಕುತ್ತಿಗೆ ಅಗಲ. ನನ್ನ ಡಬ್ಬಿಯ ಉಪ್ಪಿಟ್ಟನ್ನು ಕೇಳದೇ ತಿಂದು, ಆಮೇಲೆ ಅದಕ್ಕೂ ಹೆಸರಿಡುತ್ತಿದ್ದರು.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಬ್ಯಾಗು ಬಂದ ತಕ್ಷಣ ಬಾಯಿ ಅಗಲಿಸಿ, ಕರು ಕೆಚ್ಚಲಿಗೆ ಮುಖ ಇಡುವ ಹಾಗೆ ಒಳಗೆ ಮುಖ ಇಟ್ಟುಬಿಡುತ್ತಿದ್ದರು. ಮೇಲೆತ್ತಿ, ಗಿರಾಕಿಯ ಎದುರಿಗೇ, ರಸ್ತೆಗೆ ಕೇಳಿಸುವಂತೆ ಹೇಳುತ್ತಿದ್ದರು: "ಮೊಸ್ರನ್ನ. ಡಬ್ಬಿ ಮುಚ್ಚಳ ಸಡ್ಲ." "ಮಲ್ಲಿಗೆ ದಂಡೆ. ತೆಗ್ದು ಒಳಗೆ ಹಾಕ್ಕೊಂಡು ಮರ್ತಿದೀರ." "ಮಳೇಲಿ ನೆಂದಿದೆ, ಬೀರುನಲ್ಲಿ ಇಟ್ಟಿದೀರ, ಬೂಸ್ಟು ಹಿಡ್ದಿದೆ." ಕೆಲವರು ನಗುತ್ತಿದ್ದರು, ಕೆಲವರು ಮುಖ ಗಂಟಿಕ್ಕುತ್ತಿದ್ದರು. ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿ ಉದುರಿಸಿ ಬಿಡುವುದು, ವಾಸನೆಗೆ ಅಡುಗೆ ಸೋಡವನ್ನೂ ಇದ್ದಿಲನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡುವುದು, ಪೇಪರ್ ತುಂಬಿ ನೆರಳಲ್ಲಿ ಒಣಗಿಸುವುದು, ಇವೆಲ್ಲ ಯಾರು ಬೇಕಾದರೂ ಕಲಿಯುವಂಥವು. ಅವರ ತಾಳ್ಮೆ ಮಾತ್ರ ಕಲಿಯುವಂಥದ್ದಲ್ಲ. ಮನುಷ್ಯರ ಜೊತೆ ಒಂದು ನಿಮಿಷ ಇಲ್ಲದ ತಾಳ್ಮೆ ಚರ್ಮದ ಜೊತೆ ದಿನಗಟ್ಟಲೆ ಇರುತ್ತಿತ್ತು. "ಉಜ್ಜಿದ್ರೆ ಕಲೆ ಒಳಗೆ ಹೋಗಿ ಮನೆ ಮಾಡ್ಕೊಳ್ಳುತ್ತೆ. ಒತ್ತಿ ಒತ್ತಿ ಎತ್ಬೇಕು," ಎನ್ನುತ್ತಿದ್ದರು. ಕೊನೆಗೆ ಸ್ವಲ್ಪ ಸೆಂಟು ಹೊಡೆದು ಕೊಡಿ ಎಂದು ಒಬ್ಬ ಹುಡುಗಿ ಕೇಳಿದಳು. "ಸೆಂಟ್ ಹೊಡೆದ್ರೆ ವಾಸ್ನೆ ಹೋಗಲ್ಲಮ್ಮ, ಎರಡಾಗುತ್ತೆ," ಎಂದರು.

ಅವರದೊಂದು ಕಟ್ಟುನಿಟ್ಟು ಇತ್ತು. ಬ್ಯಾಗಿನ ಜೊತೆ ಬ್ಯಾಗಿನವರೇ ಬರಬೇಕು. ಬಂದು, ಅವರ ಮೇಜಿನ ಮೇಲೆ ತಮ್ಮ ಕೈಯಾರೆ ಬ್ಯಾಗು ಖಾಲಿ ಮಾಡಬೇಕು. ಡ್ರೈವರ್ ಕೈಯಲ್ಲಿ, ಕೆಲಸದವಳ ಕೈಯಲ್ಲಿ ಕಳಿಸಿದರೆ ಮುಟ್ಟುತ್ತಿರಲಿಲ್ಲ. ಜಯನಗರದ ಒಬ್ಬ ದೊಡ್ಡ ಮನೆಯವರ ಡ್ರೈವರ್ ಕಾರು ನಿಲ್ಲಿಸಿ ಬ್ಯಾಗು ತಂದರೆ ಹಾಗೇ ವಾಪಸ್ ಕಳಿಸಿದರು. ಬಂದ ಲಕ್ಷ್ಮಿಯನ್ನು ಒದೆಯುತ್ತೀಯಲ್ಲೇ ಎಂದು ನಾನು ಬೈದೆ. ಅವತ್ತು ಅವರು ಹಳೆಯ ಕತೆ ಹೇಳಿದರು. ಮುಂಚೆ ಅವರು ಕೆಲಸಕ್ಕಿದ್ದದ್ದು ಹೊರದೇಶಕ್ಕೆ ಬ್ಯಾಗು ಕಳಿಸುವ ಒಂದು ಫ್ಯಾಕ್ಟರಿಯಲ್ಲಿ, ಬ್ಯಾಗುಗಳನ್ನು ಕೊನೆಯದಾಗಿ ಒರೆಸಿ ಹೊಳಪು ಕೊಡುವ ಮೇಜಿನಲ್ಲಿ. ಎಲ್ಲಿ ಕಲೆ ಬಿದ್ದಿದ್ದರೂ, ಏನು ಕಾಣೆಯಾದರೂ, ಕೊನೆಗೆ ಮುಟ್ಟಿದವರ ಮೇಲೆ ಬರುತ್ತಿತ್ತಂತೆ. ಆ ಮೇಜಿಗೆ ಹಾಕುತ್ತಿದ್ದದ್ದು ಅವರ ಜನದ ಹೆಣ್ಣುಮಕ್ಕಳನ್ನೇ. "ಕಲೆ ಅವ್ರದು ಅಂತ ಅವ್ರ ಕಣ್ಣೆದ್ರುಗೇ ಗೊತ್ತಾಗ್ಬೇಕು ಅಕ್ಕ. ಆಮೇಲೆ ನಾನು ಮುಟ್ತೀನಿ," ಎಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಜಯನಗರದವರು ಮಾರನೇ ವಾರ ತಾವೇ ಬಂದರು.

ಅವರಿಗೆ ಕೈತುಂಬ ಕೆಲಸ ಬರುತ್ತಿದ್ದದ್ದು ಶ್ರಾವಣದಲ್ಲಿ. ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಕಡೆಯ ಹೆಂಗಸರು ಮನೆಯಿಂದ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗುತ್ತೇವಲ್ಲ. ಒದ್ದೆ ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ, ಹೂ, ಎಲ್ಲವನ್ನೂ ಕೈಚೀಲ ಸಾಲದೇ, ಇರುವ ಒಂದು ಒಳ್ಳೆಯ ಬ್ಯಾಗಿಗೇ ತುರುಕಿಕೊಂಡು ಬರುತ್ತೇವೆ. ಮನೆಗೆ ಬಂದು ಸುಸ್ತಾಗಿ ಮರೆಯುತ್ತೇವೆ. ಅರಿಶಿನ ಬಿದ್ದ ಕಡೆ ಸೋಪು ಹಾಕಿ ತಿಕ್ಕುತ್ತೇವೆ, ಅದು ಕೆಂಪಗಾಗುತ್ತದೆ. ಅಯ್ಯೋ ಕುಂಕುಮವೂ ಚೆಲ್ಲಿದೆ ಎಂದು ಇನ್ನಷ್ಟು ತಿಕ್ಕುತ್ತೇವೆ. ವಾಸನೆ ಹೋಗಲಿ ಎಂದು ಕರ್ಪೂರ ಹಾಕಿ ಜಿಪ್ ಎಳೆಯುತ್ತೇವೆ. ಹಬ್ಬದ ಮಾರನೇ ವಾರ ಅಂಥ ಬ್ಯಾಗುಗಳೆಲ್ಲ ಅವರ ಬಾಗಿಲಿಗೆ ಬರುತ್ತಿದ್ದವು.

ಮೇಲಿನ ಮನೆಯಲ್ಲೂ ಹಬ್ಬ ಜೋರು. ಗೌಡರ ಸೊಸೆ ಪ್ರತಿ ವರ್ಷ ಕಟ್ಟಡದ ಎಲ್ಲ ಹೆಂಗಸರನ್ನೂ ಕರೆಯುತ್ತಿದ್ದಳು. ಹಾಲಿನ ಬೂತಿನವಳನ್ನು ಕರೆದಳು, ಎರಡನೇ ಮಹಡಿಗೆ ಹೊಸದಾಗಿ ಬಂದ ಹುಡುಗಿಯನ್ನು ಕರೆದಳು, ನನ್ನನ್ನು ಕೈ ಹಿಡಿದು ಕರೆದಳು. ಪಕ್ಕದ ಬಾಗಿಲು ದಾಟಿ ಹೋಗುವಾಗ ಫೋನು ನೋಡಿಕೊಂಡು ಹೋದಳು. ಪ್ರತಿ ವರ್ಷ ಹೀಗೇ. ನನಗೆ ಮೈ ಉರಿಯುತ್ತಿತ್ತು. ಅವರು ನಗುತ್ತಿದ್ದರು.

"ಬಿಡಕ್ಕ. ತಾಂಬೂಲ ನಂಗೆ ಕೊಡಲ್ಲ, ಆದ್ರೆ ಎಲ್ಲಾರ ತಾಂಬೂಲಾನೂ ಕೊನೆಗೆ ನನ್ ಮೇಜಿಗೇ ಬರುತ್ತೆ."

"ನೀನು ಬೌದ್ಧಳು. ಕರೆದ್ರೂ ಕುಂಕುಮ ಇಟ್ಕೊಳ್ಳಲ್ಲ. ನಿಂಗ್ಯಾಕೆ?"

ಆಗ ನಗು ನಿಂತಿತು. "ಇಟ್ಕೊಳ್ಳಲ್ಲ, ನಿಜ. ಆದ್ರೆ ಬೇಡ ಅನ್ಬೇಕಾದೋಳು ನಾನು. ಅವ್ರು ಕರೀಬೇಕು, ನಾನು ಬೇಡ ತಾಯಿ ಅಂತ ಕೈ ಮುಗೀಬೇಕು. ಕರೀದೇನೇ ಅವ್ರೇ ತೀರ್ಮಾನ ಮಾಡೋದಲ್ಲ."

ಗೌಡರು ಹೋದ ಮೇಲೆ ಕಟ್ಟಡದ ವ್ಯವಹಾರವೆಲ್ಲ ಸೊಸೆಯ ಕೈಗೆ ಬಂತು. ಅವಳು ಕೆಟ್ಟವಳು ಎಂದು ನಾನು ಹೇಳುವುದಿಲ್ಲ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದವಳು. ಆದರೆ ಅವಳು ಮೊದಲು ತಂದ ಮಾತು ವಾಸನೆಯದ್ದು. ಕೆಳಗಿನ ಅಂಗಡಿಯಿಂದ ಚರ್ಮದ ವಾಸನೆ ಮೇಲೆ ಬರುತ್ತದೆ, ದೇವರ ಮನೆಯವರೆಗೂ ಬರುತ್ತದೆ. ಬೋರ್ಡಿನಲ್ಲಿ ಆ ಪದ ತೆಗೆಸಬೇಕು, ವಾಸನೆಯೂ ನಿಲ್ಲಬೇಕು, ಇಲ್ಲದಿದ್ದರೆ ಹಬ್ಬದ ಹೊತ್ತಿಗೆ ಖಾಲಿ ಮಾಡಬೇಕು. ಇದನ್ನೂ ಅವರಿಗೆ ನೇರ ಹೇಳಲಿಲ್ಲ, ನನ್ನ ಕೈಯಲ್ಲಿ ಹೇಳಿಸಿದಳು.

ಅವರು ಒಂದು ಬ್ಯಾಗಿನ ಅಂಚು ಒತ್ತುತ್ತಾ ಕೇಳಿಸಿಕೊಂಡರು. "ವಾಸ್ನೆ ಬರ್ತಿದೆ ಅನ್ನೋರು ಬಂದು ಮೂಸ್ಲಿ. ಯಾವ್ ಬ್ಯಾಗು ಅಂತ ತೋರಿಸ್ಲಿ. ನಾನು ಇಲ್ಲೇ ಇರ್ತೀನಿ." ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಅದೇ ಜಾಗವನ್ನು ಮತ್ತೆ ಮತ್ತೆ ಒತ್ತುತ್ತಿತ್ತು. ಆ ಅಂಗಡಿ ಬಿಟ್ಟರೆ ಇನ್ನೊಂದು ಅಂಗಡಿ ಸಿಗುವುದು ಅವರಿಗೆ ಸುಲಭವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಲ್ಲಿಗೆ ಬರುವ ಮುಂಚೆ ಎಷ್ಟೋ ಕಡೆ 'ಯಾವ್ ಜನ' ಎಂಬ ಪ್ರಶ್ನೆಯಲ್ಲೇ ಮಾತು ಮುಗಿದಿತ್ತು.

ಅಷ್ಟರಲ್ಲಿ ಅವರಿಗೆ ಆ ಜ್ವರ ಬಂತು, ಊರಿಗೆಲ್ಲ ಬಂದ ಜ್ವರ. ಗಂಡ ಅಂಜನಾಪುರದ ಮನೆಯಿಂದ ಬಂದು, ಒಳಗಿದ್ದ ಬ್ಯಾಗುಗಳನ್ನೆಲ್ಲ ಅವರವರಿಗೆ ವಾಪಸ್ ಮುಟ್ಟಿಸಿ, ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋದರು. ನಾನು ಆಗಾಗ ಬಾಗಿಲು ತೆಗೆದು ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದೆ. ಒಳಗೆ ಮೇಜು, ಫೋಟೊ, ಬುದ್ಧ ಬಿಟ್ಟರೆ ಒಂದು ಬೆಲ್ಟಿನ ಚೂರೂ ಇರಲಿಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ಸೊಸೆ ಸಿಕ್ಕಿದಳು.

"ಆಂಟಿ, ಇವತ್ತಂತೂ ಆ ಲೆದರ್ ಸ್ಮೆಲ್ ತಡಿಯಕ್ಕೇ ಆಗ್ತಿಲ್ಲ. ನಿಮ್ಗೆ ಬರಲ್ವಾ?"

ಅವಳನ್ನೇ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ನಿಜವಾಗಿಯೂ ಮೂಗಿನ ಮೇಲೆ ಸೆರಗು ಹಿಡಿದಿದ್ದಳು. "ಅಂಗಡಿ ಖಾಲಿ ಇದೆ ಕಣಮ್ಮ, ಬಾ ತೋರಿಸ್ತೀನಿ," ಎಂದೆ. ಕೆಲಸವಿದೆ ಎಂದು ಹತ್ತಿ ಹೋದಳು.

ವಾಪಸ್ ಬಂದಾಗ ಅವರು ಅರ್ಧ ಇಳಿದುಹೋಗಿದ್ದರು. ಬಂದ ಮೊದಲನೇ ಬ್ಯಾಗಿಗೆ ಮುಖವಿಟ್ಟರು, ಎತ್ತಿದರು, ಮತ್ತೆ ಇಟ್ಟರು. ಗಿರಾಕಿ ಹೋದ ಮೇಲೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನನ್ನ ಊದುಬತ್ತಿ ಕಟ್ಟನ್ನು ತೆಗೆದು ಮೂಗಿಗೆ ಹಿಡಿದರು.

"ಏನೂ ಇಲ್ಲ ಅಕ್ಕ. ನೀರು ಮೂಸ್ದಂಗಿದೆ."

ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಮಾಧಾನಕ್ಕೆಂದು, ಖಾಲಿ ಅಂಗಡಿಯಿಂದ ಸೊಸೆಗೆ ವಾಸನೆ ಬಂದ ಕತೆಯನ್ನೇ ಹೇಳಿದೆ. ಅಳುತ್ತಿದ್ದವರು ತಲೆಯೆತ್ತಿದರು. ಕಣ್ಣೊರೆಸಿಕೊಂಡರು. ಆಮೇಲೆ ಮೆಷಿನ್ನು ಅಲ್ಲಾಡುವ ಹಾಗೆ ನಕ್ಕರು.

"ಇರೋ ವಾಸ್ನೆ ನಂಗೆ ಗೊತ್ತಾಗಲ್ಲ, ಇಲ್ದೇ ಇರೋ ವಾಸ್ನೆ ಅವ್ರಿಗೆ ಗೊತ್ತಾಗುತ್ತೆ. ಕಾಯ್ಲೆ ಯಾರ್ದಕ್ಕ?"

ಎದ್ದು ನಿಂತರು. "ನಿನ್ ಮೂಗು ಕೊಡು."

ನಮ್ಮ ಮನೆಯಲ್ಲಿ ಚರ್ಮದ ಬೆಲ್ಟು ದೇವರ ಕೋಣೆಯ ಹೊಸಿಲು ದಾಟುವಂತಿಲ್ಲ, ಪರ್ಸು ಮುಟ್ಟಿದರೆ ಕೈ ತೊಳೆದು ದೀಪ ಹಚ್ಚಬೇಕು. ಹಾಗೆ ಬೆಳೆದ ನಾನು ಯಾರದೋ ಬ್ಯಾಗಿನೊಳಗೆ ಮುಖವಿಟ್ಟೆ. "ಏನ್ ಬರುತ್ತೆ?" ಎಂದರು. ಹುಳಿ ಎಂದೆ. "ಹುಳಿ ಅಂದ್ರೆ ಯಾವ್ ಹುಳಿ? ಹುಣ್ಸೆ ಹುಳಿನಾ, ಮೊಸರಿನ ಹುಳಿನಾ, ದೋಸೆ ಹಿಟ್ಟಿನ ಹುಳಿನಾ? ಇಷ್ಟು ವರ್ಷ ಅಡಿಗೆ ಮಾಡಿದೀಯ, ಮುಖ ನೋಡು!" ನಾನು ಮತ್ತೆ ಮೂಸಿದೆ. ದೋಸೆ ಹಿಟ್ಟು. ಹೌದು, ದೋಸೆ ಹಿಟ್ಟೇ. ಯಾರೋ ಅಂಗಡಿಯಿಂದ ಹಿಟ್ಟಿನ ಪ್ಯಾಕೆಟ್ ತಂದಿದ್ದರು. ಗುರುತು ಹಿಡಿದಾಗ ನನಗಾದ ಖುಷಿ ಹೇಳತೀರದು. ಅವತ್ತಿನಿಂದ ಗೋಡೆ ಬಡಿದರೆ ಸಾಕು, ಸೂಜಿ ಇಟ್ಟು ಎದ್ದು ಹೋಗುತ್ತಿದ್ದೆ.

ನಾನು ಇದನ್ನು ಗುಟ್ಟಾಗಿ ಇಡೋಣ ಎಂದೆ. ಮೂಗಿಲ್ಲದವರ ಹತ್ತಿರ ವಾಸನೆ ತೆಗೆಸಲು ಯಾರು ಬರುತ್ತಾರೆ? ಅವರು ಕೇಳಲಿಲ್ಲ. ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದರು: "ಜ್ವರದಲ್ಲಿ ನನ್ ಮೂಗು ಹೋಯ್ತು. ಅಕ್ಕನ ಮೂಗು ಬಾಡ್ಗೆಗೆ ತಗೊಂಡಿದೀನಿ. ನಂಬ್ಕೆ ಇದ್ರೆ ಬಿಡಿ, ಇಲ್ದಿದ್ರೆ ತಗೊಂಡ್ ಹೋಗಿ." ಕೆಲವರು ತೆಗೆದುಕೊಂಡೇ ಹೋದರು. ಹೆಚ್ಚಿನವರು ಬಿಟ್ಟರು.

ಖಾಲಿ ಮಾಡುವ ಮಾತು ಮಾತ್ರ ಹಾಗೇ ನಿಂತಿತ್ತು. ಹಬ್ಬ ಹತ್ತಿರ ಬರುತ್ತಿದ್ದಾಗ ಒಂದು ಮಧ್ಯಾಹ್ನ ಸೊಸೆ ನನ್ನ ಅಂಗಡಿಗೆ ಬಂದು, ಕವರಿನಲ್ಲಿ ಸುತ್ತಿದ್ದ ಒಂದು ಬ್ಯಾಗು ಮೇಜಿನ ಮೇಲಿಟ್ಟಳು. ಕಂದು ಬಣ್ಣದ ಒಳ್ಳೆಯ ಬ್ಯಾಗು. ಅವಳ ಅಮ್ಮ ತೀರಿಕೊಳ್ಳುವ ಮುಂಚೆ ಕೊಡಿಸಿದ್ದಂತೆ. ತವರಿನ ಕಡೆಯ ಮದುವೆಯೊಂದರ ತಾಂಬೂಲ ಅದರಲ್ಲೇ ಉಳಿದು, ಮಳೆ ಶುರುವಾದಾಗಿನಿಂದ ಬೀರುವಿನಲ್ಲಿದ್ದು, ಕವರು ಬಿಚ್ಚಿದರೆ ನನ್ನ ಅಂಗಡಿಯೆಲ್ಲ ನಾರಿತು. "ನಿಮ್ಮ ಫ್ರೆಂಡ್ ಬ್ಯಾಗ್ ಅಂತ ಹೇಳಿ ಮಾಡಿಸ್ಕೊಡಿ ಆಂಟಿ. ನನ್ದು ಅಂತ ಹೇಳ್ಬೇಡಿ," ಎಂದಳು. ಕಣ್ಣಲ್ಲಿ ನೀರಿತ್ತು. ಅಮ್ಮನ ಬ್ಯಾಗಲ್ಲವೇ, ನನಗೂ ಕರುಳು ಚುರುಕ್ ಎಂದಿತು. ತೆಗೆದುಕೊಂಡು ಹೋದೆ.

"ಯಾರ್ ಬ್ಯಾಗು?"

"ನನ್ ಫ್ರೆಂಡ್ದು."

ಅವರು ನನ್ನ ಮುಖ ನೋಡಿದರು. ಬ್ಯಾಗನ್ನು ಮುಟ್ಟಲಿಲ್ಲ. "ಫ್ರೆಂಡ್ ಬರ್ಲಿ."

ನಾನು ಹಾಗೇ ವಾಪಸ್ ಕೊಟ್ಟು, ಹಾಗೇ ಹೇಳಿದೆ. ಕೆಲವು ದಿನ ಮೇಲಿನಿಂದ ಸದ್ದಿಲ್ಲ. ಆಮೇಲೊಂದು ದಿನ ಸೊಸೆ ಬ್ಯಾಗು ಹಿಡಿದು ಇಳಿದು ಬಂದಳು. ಬಾಗಿಲಾಚೆ, ಚರಂಡಿ ಕಲ್ಲಿನ ಮೇಲೆ ನಿಂತಳು. ಇಷ್ಟು ವರ್ಷದಲ್ಲಿ ಅವಳು ಆ ಅಂಗಡಿಯ ಒಳಗೆ ಕಾಲಿಟ್ಟಿರಲಿಲ್ಲ.

"ಒಳಗೆ ಬನ್ನಿ ಮೇಡಂ," ಎಂದರು ಇವರು. "ಬ್ಯಾಗ್ ಖಾಲಿ ಮಾಡಿ."

"ನಾನಾ?"

"ಎಲ್ಲಾರೂ ಮಾಡ್ತಾರೆ."

ಸೊಸೆ ಒಳಗೆ ಬಂದಳು. ಒಂದೊಂದೇ ತೆಗೆದು ಮೇಜಿನ ಮೇಲಿಟ್ಟಳು. ಕಪ್ಪಾದ ಬಾಳೆಹಣ್ಣು, ಕೊಳೆತ ವೀಳ್ಯದೆಲೆ, ಅಕ್ಷತೆ, ಒಂದು ಬಾಚಣಿಗೆ, ಕರಗಿ ಅಂಟಿಕೊಂಡ ಕರ್ಪೂರ. ನಾನು ನೆರವಿಗೆ ಮುಂದೆ ಹೋದರೆ ಇವರು ಕಣ್ಣಲ್ಲೇ ತಡೆದರು.

"ಏನ್ ವಾಸ್ನೆ ಬರ್ತಿದೆ, ಹೇಳಿ."

"ಕೆಟ್ಟ ವಾಸನೆ."

"ಹಂಗಂದ್ರೆ ನಂಗೆ ಕೆಲ್ಸ ಮಾಡಕ್ಕಾಗಲ್ಲ ಮೇಡಂ. ಮೂಸಿ ಹೇಳಿ. ನನ್ ಮೂಗು ಹೋಗಿದೆ, ಅಕ್ಕನ ಮೂಗಿಗೆ ಇವತ್ತು ರಜಾ."

ಸೊಸೆ ನನ್ನ ಕಡೆ ನೋಡಿದಳು. ನಾನು ರಸ್ತೆ ನೋಡಿದೆ. ಕೊನೆಗೆ ಅವಳು ಬ್ಯಾಗಿನ ಬಾಯಿ ಅಗಲಿಸಿ ಮುಖ ಒಳಗಿಟ್ಟಳು.

"ಬಾಳೆಹಣ್ಣು," ಎಂದಳು. "ಎಲೆ... ಕರ್ಪೂರ. ಸ್ವಲ್ಪ ಬೂಸ್ಟು."

"ಚರ್ಮದ್ದು?"

ಸೊಸೆ ಇನ್ನೊಮ್ಮೆ ಮೂಸಿದಳು. ನಿಧಾನಕ್ಕೆ ಮುಖ ಎತ್ತಿದಳು.

"ಇಲ್ಲ."

"ಸರಿ. ಬರೋ ಶುಕ್ರವಾರ ಬನ್ನಿ. ನೀವೇ ಬನ್ನಿ."

ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ನಾನು, ಅಷ್ಟು ಬಗ್ಗಿಸಬೇಕಿತ್ತೇನೇ, ತಾಯಿ ಇಲ್ಲದ ಹುಡುಗಿ ಎಂದೆ. "ನಾನೇನ್ ಬಗ್ಗಿಸ್ದೆ? ಎಲ್ಲಾರಿಗೂ ಏನ್ ಹೇಳ್ತೀನೋ ಅದೇ ಹೇಳ್ದೆ," ಎಂದರು. ಆ ಬ್ಯಾಗಿಗೆ ಪಟ್ಟಷ್ಟು ಕಷ್ಟವನ್ನು ಅವರು ಇನ್ಯಾವುದಕ್ಕೂ ಪಟ್ಟಿದ್ದನ್ನು ನಾನು ಕಂಡಿಲ್ಲ. ಅದರ ಅಸ್ತರನ್ನು ಹೊರಕ್ಕೆಳೆದು, ಇದ್ದಿಲಿನ ಗಂಟು ಬದಲಿಸಿ ಬದಲಿಸಿ, ದಿನಾ ನನ್ನ ಮೂಗಿಗೆ ಹಿಡಿದು, "ಈಗ? ಈಗ?" ಎಂದು ಪ್ರಾಣ ತಿಂದರು. ಶುಕ್ರವಾರ ಸೊಸೆ ಬಂದು 'ಥ್ಯಾಂಕ್ಸ್' ಎಂದಳು, ಎಲ್ಲರೂ ಕೊಡುವಷ್ಟೇ ಕೊಟ್ಟು ಹೋದಳು. ಆಮೇಲೆ ವಾಸನೆಯ ಮಾತೂ ಬರಲಿಲ್ಲ, ಖಾಲಿ ಮಾಡುವ ಮಾತೂ ಬರಲಿಲ್ಲ. ತಪ್ಪಾಯಿತು ಎಂಬ ಮಾತೂ ಬರಲಿಲ್ಲ.

ಆ ವರ್ಷದ ಹಬ್ಬಕ್ಕೆ ನಾನು ಮೇಲೆ ಹೋಗಿದ್ದಾಗ ಸೊಸೆ ನನ್ನ ಕೈಗೆ ಎರಡು ತಾಂಬೂಲದ ಕವರು ಕೊಟ್ಟಳು. "ಒಂದು ನಿಮ್ಗೆ ಆಂಟಿ. ಇನ್ನೊಂದು ಕೆಳಗಡೆ ಅವ್ರಿಗೆ ಕೊಟ್ಬಿಡಿ." ನನಗೆ ಎಷ್ಟು ಸಂತೋಷವಾಯಿತೆಂದರೆ, ಮೆಟ್ಟಿಲನ್ನು ಹುಡುಗಿಯ ಹಾಗೆ ಇಳಿದೆ. ಅವರು ಕವರನ್ನು ನೋಡಿದರು. ಒಳಗಿದ್ದ ತೆಂಗಿನಕಾಯಿ, ಬ್ಲೌಸ್ ಪೀಸು, ಬಳೆ ಎಲ್ಲವನ್ನೂ ನೋಡಿದರು. ಒಂದು ಕ್ಷಣ ಅವರ ಮುಖ ಮೆತ್ತಗಾಯಿತು, ಅದನ್ನು ನಾನು ಕಂಡೆ. ಆಮೇಲೆ ಕವರಿನ ಬಾಯಿ ಮಡಚಿ ನನ್ನ ಕೈಗೇ ವಾಪಸ್ ಇಟ್ಟರು.

"ಬ್ಯಾಗ್ ಜೊತೆ ಬ್ಯಾಗಿನೋರು ಬರ್ಬೇಕು ಅಕ್ಕ. ತಾಂಬೂಲದ ಜೊತೆ ತಾಂಬೂಲದೋರು ಬರ್ಬೇಕು."

"ಇಷ್ಟಾದ್ರೂ ಬಂತಲ್ಲೇ, ತಗೋ."

"ಇಷ್ಟಾದ್ರೂ ಅಂತ ತಗೊಂಡು ತಗೊಂಡೇ ನಮ್ಮಪ್ಪನ ಕಾಲ ಮುಗೀತು. ಬೇಡ. ತಗೊಂಡ್ ಹೋಗಿ ಕೊಡು."

ಕೊಟ್ಟೆ. ಸೊಸೆಯ ಮುಖ ಕೆಂಪಗಾಯಿತು. ಇಳಿದು ಬರುತ್ತಾಳೆ ಎಂದು ನಾನು ಸಂಜೆಯವರೆಗೂ ಕಾದೆ. ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಇವರೂ ಅದರ ಸುದ್ದಿ ಎತ್ತಲಿಲ್ಲ, ಆದರೆ ಹಬ್ಬದ ದಿನ ಅಂಗಡಿ ಮುಚ್ಚುತ್ತಿರಲಿಲ್ಲ. ಬರುವವರಿಗೆ ಬಾಗಿಲು ತೆರೆದಿರಬೇಕು ಎಂದೋ ಏನೋ, ಬೆಳಗ್ಗೆಯಿಂದ ಬಾಗಿಲಲ್ಲೇ ಕೂತಿರುತ್ತಿದ್ದರು. ಮೂಗು ಅರ್ಧಂಬರ್ಧ ವಾಪಸ್ ಬಂದಿತ್ತು. ಪೂರ್ತಿ ಬರಲೇ ಇಲ್ಲ.

ಈ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಎದೆನೋವು ಎಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಅಂಜನಾಪುರದ ಅವರ ಮನೆಗೆ ಹೋದೆ. ಎಲ್ಲರೂ ಬಿಳಿ ಉಟ್ಟಿದ್ದರು. ಹೂವಿನ ರಾಶಿ ಇರಲಿಲ್ಲ, ಊದುಬತ್ತಿಯ ಹೊಗೆ ಇರಲಿಲ್ಲ. ಮೇಣದ ಬತ್ತಿ ಹಚ್ಚಿ ಬುದ್ಧನ ಮಾತು ಹೇಳಿದರು. ಊದುಬತ್ತಿ ಹಚ್ಚದೇ ಇದ್ದದ್ದು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಅವರ ಗಂಡ ಅಂಗಡಿಯ ಬೀಗದ ಕೈಯನ್ನು ಇನ್ನೊಮ್ಮೆ ನನ್ನ ಕೈಗಿಟ್ಟರು. ಸೊಸೆ ಬಂದಿರಲಿಲ್ಲ. ನನ್ನ ಹತ್ತಿರ 'ತುಂಬ ಬೇಜಾರಾಯ್ತು ಆಂಟಿ' ಎಂದು ಹೇಳಿ ಕಳಿಸಿದ್ದಳು. ಅದನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ.

ಈಗ ಆ ಅಂಗಡಿಯ ಬಾಡಿಗೆಯನ್ನು ನಾನೇ ಕಟ್ಟುತ್ತೇನೆ. ಬೋರ್ಡಿನಲ್ಲಿ ಬರೆದಿರುವುದು ಸುಳ್ಳಾಗಬಾರದಲ್ಲ, ಸಣ್ಣಪುಟ್ಟ ಬ್ಯಾಗುಗಳನ್ನು ನಾನೇ ಮಾಡುತ್ತೇನೆ. ಮೊಸರನ್ನ, ಮಲ್ಲಿಗೆ, ದೋಸೆ ಹಿಟ್ಟು ನನ್ನಿಂದಾಗುತ್ತದೆ. ಇಂಕಿನ ಕಲೆ ಆಗುವುದಿಲ್ಲ, ಆಗುವುದಿಲ್ಲ ಎಂದೇ ಹೇಳುತ್ತೇನೆ. ನನ್ನ ತಂಗಿ ಬಂದವಳು, "ಈ ವಯಸ್ಸಲ್ಲಿ ಕಂಡೋರ ಚರ್ಮದ ಚೀಲ ಮೂಸೋ ಗತಿ ಏನ್ ಬಂತು ನಿಂಗೆ?" ಎಂದಳು. ಗತಿ ಬಂದಿಲ್ಲ, ಕೆಲಸ ಬಂದಿದೆ ಎಂದೆ. ಅವಳಿಗೆ ಕಾಫಿ ಕೊಟ್ಟು, ಅವಳ ಬ್ಯಾಗನ್ನೂ ಮೂಸಿ, ಒಳಗೆ ಹಳೇ ಕೋಡುಬಳೆ ಇದೆ ಎಂದು ಹೇಳಿ ಕಳಿಸಿದೆ.

ಮೆಸೇಜಿಗೆ ಇವತ್ತು ಬೆಳಗ್ಗೆ ಉತ್ತರ ಬರೆದೆ. ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದೆ. "ಬೋರ್ಡು ತೆಗೆಸಬೇಕಾದರೆ ನೀನೇ ಕೆಳಗೆ ಬಾರಮ್ಮ. ಅದರ ಕೆಳಗೆ ನಿಂತು, ಯಾವ ಅಕ್ಷರದಿಂದ ವಾಸನೆ ಬರ್ತಿದೆ ಅಂತ ಮೂಸಿ ತೋರಿಸು. ಅದೊಂದನ್ನು ತೆಗೆದುಕೊಡ್ತೀನಿ."

ಅವಳು ಓದಿದ್ದಾಳೆ, ಎರಡು ನೀಲಿ ಗೆರೆ ಬಿದ್ದಿವೆ. ನಾನು ಸ್ಟೂಲು ಹಾಕಿಕೊಂಡು ಹತ್ತಿ, ಒದ್ದೆ ಬಟ್ಟೆಯಿಂದ ಬೋರ್ಡಿನ ಧೂಳನ್ನು ಉಜ್ಜದೇ ಒತ್ತಿ ಒತ್ತಿ ಒರೆಸಿದೆ. ಆಮೇಲೆ ಎರಡು ಅಂಗಡಿಯ ಬಾಗಿಲನ್ನೂ ಪೂರ್ತಿ ತೆರೆದಿಟ್ಟು, ಮೆಟ್ಟಿಲು ಕಾಣುವ ಹಾಗೆ ಮೆಷಿನ್ನು ತಿರುಗಿಸಿಕೊಂಡು ಕೂತಿದ್ದೇನೆ. ಇನ್ನೂ ಯಾರೂ ಇಳಿದು ಬಂದಿಲ್ಲ.